ಸಹಿಗೆ ಮೊದಲು ಸಂಘ: ನಟನಟಿಯರು ತಮ್ಮ ಸಂಘಟನೆಯಿಂದ ಕೆಲಸ ಪಡೆಯುವುದು ಹೇಗೆ?

ಸಂಘದ ನೆನಪು ನಟರಿಗೆ ಸಾಮಾನ್ಯವಾಗಿ ಬರುವುದು ಎಲ್ಲ ಮುಗಿದ ಮೇಲೆ. ಚಿತ್ರೀಕರಣ ಮುಗಿದಿರುತ್ತದೆ, ಬಾಕಿ ಹಣ ಬಂದಿರುವುದಿಲ್ಲ, ನಿರ್ಮಾಪಕರ ಫೋನ್ ರಿಂಗಾಗುತ್ತಲೇ ಇರುತ್ತದೆ. ಆಗ ಸದಸ್ಯತ್ವದ ಕಾರ್ಡು ಹುಡುಕಿ, ಉಳಿದಿದ್ದ ಚಂದಾ ಕಟ್ಟಿ, ಕಚೇರಿಯ ಮೇಜಿನ ಮುಂದೆ ಕುಳಿತು ‘ಸಂಘ ಏನಾದರೂ ಮಾಡಬೇಕು’ ಎನ್ನುತ್ತಾರೆ. ಮೇಜಿನ ಆಚೆ ಕುಳಿತವರು ಮೊದಲು ಕೇಳುವುದು ‘ಕರಾರು ಎಲ್ಲಿ?’ ಎಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಈ ವೃತ್ತಿಗೆ ಚೆನ್ನಾಗಿ ಒಪ್ಪುತ್ತದೆ.

ನಟರ ಕಾರ್ಮಿಕ ಸಂಘ ಹೆಚ್ಚಿನ ಕೆಲಸ ಮಾಡುವುದು ಜಗಳ ಹುಟ್ಟುವ ಮೊದಲು. ಕನಿಷ್ಠ ಸಂಭಾವನೆ, ವಿಶ್ರಾಂತಿಯ ಗಂಟೆ, ಊಟದ ಬಿಡುವು, ಪ್ರಯಾಣದ ಖರ್ಚು ಇವನ್ನೆಲ್ಲ ನೀವು ಸೆಟ್ಟಿಗೆ ಕಾಲಿಡುವ ಮೊದಲೇ ನಿರ್ಮಾಪಕರ ಎದುರು ಕುಳಿತು ಬರೆಸಿಡುವುದು ಅದರ ಮುಖ್ಯ ಕಸುಬು. ನ್ಯೂಯಾರ್ಕ್‌ನ ರಂಗನಟರು 1913ರಲ್ಲಿ ಆ್ಯಕ್ಟರ್ಸ್ ಈಕ್ವಿಟಿ ಕಟ್ಟಿಕೊಂಡಾಗ ತಾಲೀಮಿಗೆ ಸಂಬಳ ಇರಲಿಲ್ಲ. ವೇಷಭೂಷಣವನ್ನು ಹಲವರು ಕೈಯಿಂದಲೇ ಹಣ ಹಾಕಿ ಹೊಂದಿಸಿಕೊಳ್ಳಬೇಕಿತ್ತು. ನಾಟಕ ನಡುದಾರಿಯಲ್ಲಿ ನಿಂತರೆ ಪರ ಊರಿನಿಂದ ವಾಪಸು ಬರುವ ಟಿಕೆಟ್ಟೂ ಅವರದೇ ಪಾಡು. 1919ರ ಆಗಸ್ಟ್ 7ರಂದು ಮುಷ್ಕರ ಹೂಡಿ, ಸೆಪ್ಟೆಂಬರ್ 6ರ ಹೊತ್ತಿಗೆ ಅವರು ಮಾಲೀಕರಿಂದ ಸಂಘಕ್ಕೆ ಮನ್ನಣೆ ಪಡೆದರು. ಅಂದು ಅವರು ಗೆದ್ದ ದೊಡ್ಡ ವಸ್ತು ಎಲ್ಲರಿಗೂ ಒಂದೇ ಬಗೆಯ ಲಿಖಿತ ಕರಾರು. ಈ ಲೇಖನದ ಹೆಚ್ಚು ಭಾಗವೂ ಆ ಕಾಗದದ ಸುತ್ತಲೇ ಇದೆ.

1. ಸೇರುವ ಮೊದಲು ವ್ಯಾಪ್ತಿ ಕೇಳಿಕೊಳ್ಳಿ

ಎಲ್ಲ ಸಂಘಗಳೂ ಎಲ್ಲ ಬಗೆಯ ನಟನೆಯನ್ನು ನೋಡಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ರಂಗಭೂಮಿಗೆ ಈಕ್ವಿಟಿ, ಸಿನಿಮಾ, ಟಿ.ವಿ., ರೇಡಿಯೊಗೆ ಸ್ಯಾಗ್-ಆಫ್ಟ್ರಾ. ಇದು 1933ರಲ್ಲಿ ಹುಟ್ಟಿದ ಪರದೆ ನಟರ ಸಂಘವೂ ಪ್ರಸಾರ ಕಲಾವಿದರ ಸಂಘವೂ 2012ರಲ್ಲಿ ಒಂದಾಗಿ ಆದದ್ದು. ಬ್ರಿಟನ್ನಿನಲ್ಲಿ 1930ರಿಂದ ಇರುವ, ಈಕ್ವಿಟಿ ಎಂಬ ಹೆಸರಿನದೇ ಬೇರೊಂದು ಸಂಘ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಅರ್ಜಿ ತುಂಬುವ ಮೊದಲು ಕಚೇರಿಯಲ್ಲಿ ಇಷ್ಟನ್ನು ಕೇಳಿ:

- ನಾನು ಮಾಡುವ ಕೆಲಸಕ್ಕೆ, ಅಂದರೆ ಡಬ್ಬಿಂಗ್, ಜಾಹೀರಾತು, ವೆಬ್ ಸರಣಿ, ವಿಡಿಯೊ ಗೇಮ್, ಸಹ ಕಲಾವಿದರ ಪಾತ್ರಗಳಿಗೆ, ನಿರ್ಮಾಪಕರೊಂದಿಗೆ ನಿಮ್ಮ ಸಂಘ ಮಾಡಿಕೊಂಡ ಒಪ್ಪಂದ ಅನ್ವಯಿಸುತ್ತದೆಯೇ?
- ಯಾವ ನಿರ್ಮಾಣ ಸಂಸ್ಥೆಗಳು ಆ ಒಪ್ಪಂದಕ್ಕೆ ಸಹಿ ಹಾಕಿವೆ? ಪಟ್ಟಿ ಎಲ್ಲಿ ಸಿಗುತ್ತದೆ?
- ಸಹಿ ಹಾಕದ ಸಂಸ್ಥೆಯ ಕೆಲಸವನ್ನು ನಾನು ಒಪ್ಪಿದರೆ ಏನಾಗುತ್ತದೆ?
- ಕಾನೂನು ನೆರವು, ವಿಮೆ, ಕ್ಷೇಮನಿಧಿ ಇವು ಸೇರಿದ ದಿನವೇ ಸಿಗುತ್ತವೆಯೋ, ಕಾಯಬೇಕೋ?

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪೆಟ್ಟು ಬೀಳುವುದು ಅಲ್ಲಿಯೇ. ಸ್ಯಾಗ್-ಆಫ್ಟ್ರಾದ ಮೊದಲ ನಿಯಮದ ಪ್ರಕಾರ, ಸಂಘದ ಒಪ್ಪಂದಕ್ಕೆ ಸಹಿ ಹಾಕದ ನಿರ್ಮಾಪಕರ ಬಳಿ ಸದಸ್ಯರು ಜಗತ್ತಿನ ಯಾವ ಮೂಲೆಯಲ್ಲೂ ಕೆಲಸ ಮಾಡುವಂತಿಲ್ಲ. ಬೇರೆ ಕೆಲವು ಸಂಘಗಳು ಇಷ್ಟು ಬಿಗಿಯಾಗಿಲ್ಲ. ಆದರೆ ಹೊರಗಿನ ಕೆಲಸ ಮಾಡಿ ತೊಂದರೆಗೆ ಸಿಕ್ಕಿಕೊಂಡಾಗ, ಹಿಡಿದು ವಾದಿಸಲು ಸಂಘದ ಕೈಯಲ್ಲಿ ಒಪ್ಪಂದವೇ ಇರುವುದಿಲ್ಲ ಎನ್ನುವುದು ಎಲ್ಲೆಡೆ ನಿಜ.

ಹೆಸರಿನ ವಿಚಾರವನ್ನೂ ಸೇರುವಾಗಲೇ ಮುಗಿಸಿಕೊಳ್ಳಿ. ಅಮೆರಿಕ, ಬ್ರಿಟನ್ನುಗಳ ಸಂಘಗಳು ಒಂದೇ ವೃತ್ತಿನಾಮವನ್ನು ಇಬ್ಬರು ಸದಸ್ಯರಿಗೆ ಕೊಡುವುದಿಲ್ಲ. ಹಾಲಿವುಡ್ ನಟ ಮೈಕಲ್ ಕೀಟನ್‌ಗೆ ಹುಟ್ಟಿದಾಗ ಇಟ್ಟ ಹೆಸರು ಮೈಕಲ್ ಡಗ್ಲಸ್. ಬ್ರಿಟನ್ನಿನ ನಟ ಡೇವಿಡ್ ಟೆನಂಟ್ ಅವರದು ಡೇವಿಡ್ ಮೆಕ್‌ಡೊನಾಲ್ಡ್. ಆ ಹೆಸರುಗಳನ್ನು ಆಗಲೇ ಬೇರೆಯವರು ನೋಂದಾಯಿಸಿದ್ದರು. ಹತ್ತು ಪಾತ್ರ ಮಾಡಿ ಹೆಸರು ಗಳಿಸಿದ ಮೇಲೆ ಅದೇ ಹೆಸರನ್ನು ಬಿಡಬೇಕಾಗಿ ಬಂದರೆ ಸಂಕಟ.

ಇನ್ನೊಂದು ತೊಡಕು ಕಾನೂನಿನದು. ಹೆಚ್ಚಿನ ನಟರು ತಿಂಗಳ ಸಂಬಳದ ನೌಕರರಲ್ಲ, ಸ್ವತಂತ್ರ ಕಲಾವಿದರು. ‘ಸ್ವತಂತ್ರ ಉದ್ಯಮಿಗಳು’ ಸೇರಿ ದರ ನಿಗದಿ ಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂಬ ವಾದ ಹಲವು ದೇಶಗಳಲ್ಲಿ ಎದ್ದಿದೆ. ಐರ್ಲೆಂಡ್‌ನ ಸ್ಪರ್ಧಾ ಪ್ರಾಧಿಕಾರ 2004ರಲ್ಲಿ ಹಿನ್ನೆಲೆ ಧ್ವನಿ ಕಲಾವಿದರ ಪರವಾಗಿ ಸಂಘವು ದರ ಕುದುರಿಸುವುದನ್ನೇ ತಡೆಯಿತು. ಅದನ್ನು ಸರಿಪಡಿಸುವ ತಿದ್ದುಪಡಿ ಕಾನೂನು ಬಂದದ್ದು 2017ರಲ್ಲಿ. ಗಂಟಲೊಂದನ್ನೇ ಬಂಡವಾಳ ಮಾಡಿಕೊಂಡವರನ್ನು ಉದ್ಯಮಿ ಎನ್ನುವ ತರ್ಕ ನನಗಂತೂ ಇವತ್ತಿಗೂ ಜೀರ್ಣವಾಗಿಲ್ಲ. ಇದರಿಂದ ನಿಮಗೆ ಸಿಗುವ ಸೂಚನೆ ಇಷ್ಟು: ನಿಮ್ಮ ಸಂಘ ನಿಮ್ಮ ಪರವಾಗಿ ದರ ಮಾತನಾಡಬಲ್ಲದೋ, ಬರೀ ಸಲಹೆ ಕೊಡಬಲ್ಲದೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

2. ಒಂದು ಕಡತ ಇಟ್ಟುಕೊಳ್ಳಿ

ಪ್ರತಿ ಕೆಲಸಕ್ಕೂ ಬೇರೆ ಕಡತ. ಅದರಲ್ಲಿ ಆಯ್ಕೆಯ ಸಂದೇಶ, ದರದ ಬಗ್ಗೆ ನಡೆದ ಮಾತುಕತೆ, ಕರಾರು, ಪ್ರತಿದಿನದ ಕಾಲ್‌ಶೀಟ್, ಬಂದ ಮುಂಗಡದ ಬ್ಯಾಂಕ್ ವಿವರ. ದಿನದ ಕೊನೆಗೆ ಬಂದ ಹೊತ್ತು, ಬಣ್ಣ ಹಚ್ಚಿದ ಹೊತ್ತು, ಊಟದ ಹೊತ್ತು, ಬಿಟ್ಟ ಹೊತ್ತು ಎಂದು ಎರಡು ಸಾಲು ಬರೆದುಕೊಂಡರೆ ಸಾಕು. ಬಾಯಿಮಾತಿನಲ್ಲಿ ಏನಾದರೂ ಒಪ್ಪಿಗೆಯಾದರೆ ಅದೇ ದಿನ ಸಂದೇಶ ಕಳಿಸಿ: ‘ಈಗ ಮಾತನಾಡಿದಂತೆ ಹೆಚ್ಚುವರಿ ಎರಡು ದಿನದ ಚಿತ್ರೀಕರಣಕ್ಕೆ ದಿನದ ದರದಂತೆಯೇ ಸಂಭಾವನೆ. ತಪ್ಪಿದ್ದರೆ ತಿಳಿಸಿ.’ ಉತ್ತರ ಬಾರದಿದ್ದರೂ ಆ ಸಂದೇಶ ದಾಖಲೆಯಾಗಿ ಉಳಿಯುತ್ತದೆ. ಸಂದೇಶ ತಾನಾಗಿ ಅಳಿಸಿಹೋಗುವ ಏರ್ಪಾಡಿನ ಗುಂಪುಗಳಲ್ಲಿ ಹಣದ ಮಾತು ನಡೆಸಬೇಡಿ.

3. ಕರಾರನ್ನು ಸಂಘಕ್ಕೆ ಓದಿಸಿ, ಸಹಿ ಹಾಕುವ ಮೊದಲು

ಇಡೀ ಕರಾರನ್ನು ಕಳಿಸಿ. ಕೊನೆಯ ಪುಟದ ಫೋಟೊ ಒಂದನ್ನೇ ಕಳಿಸಿ ‘ಸರಿ ಇದೆಯೇ ನೋಡಿ’ ಎಂದರೆ ಯಾರೂ ಏನೂ ಹೇಳಲಾರರು. ಅನುಬಂಧಗಳೇ ಹೆಚ್ಚು ಮುಖ್ಯ. ಬೇಡದ ಷರತ್ತುಗಳು ಅಡಗಿ ಕೂರುವುದು ಅಲ್ಲಿ. ಜೊತೆಗೆ ಒಂದು ಪ್ಯಾರಾ ಬರೆಯಿರಿ: ಪಾತ್ರ ಯಾವುದು, ಎಷ್ಟು ದಿನ, ಬಾಯಿಮಾತಿನಲ್ಲಿ ಏನು ಹೇಳಿದ್ದಾರೆ, ಉತ್ತರ ಯಾವಾಗ ಬೇಕು. ‘ನಾಳೆ ಬೆಳಿಗ್ಗೆಯೇ ಸಹಿ ಬೇಕು’ ಎಂದು ನಿರ್ಮಾಣ ಕಚೇರಿ ಅವಸರ ಮಾಡಿದರೆ ಅದನ್ನೂ ಸಂಘಕ್ಕೆ ತಿಳಿಸಿ. ಆ ಅವಸರಕ್ಕೆ ಬಹಳ ಸಲ ಕಾರಣ ಇರುವುದಿಲ್ಲ, ಅಭ್ಯಾಸ ಇರುತ್ತದೆ.

ಸಂಘದವರು ಅದನ್ನು ತಮ್ಮ ಮಾದರಿ ಕರಾರಿನ ಪಕ್ಕದಲ್ಲಿಟ್ಟು ನೋಡುತ್ತಾರೆ. ನೀವೂ ನೋಡಬೇಕಾದವು ಇವು.

ಹಣ ಯಾವುದಕ್ಕೆ, ಯಾವಾಗ? ಒಟ್ಟು ಮೊತ್ತ ಎಂದಷ್ಟೇ ಇದ್ದರೆ ಸಾಲದು. ಉಳಿದುಹೋದ ದೃಶ್ಯಗಳ ಮರುಚಿತ್ರೀಕರಣ, ಡಬ್ಬಿಂಗ್, ಪ್ರಚಾರದ ದಿನಗಳು ಆ ಮೊತ್ತದೊಳಗೆ ಸೇರಿವೆಯೋ, ಹೊರಗಿವೆಯೋ? ಕೊನೆಯ ಕಂತಿನ ಸಾಲನ್ನು ಎರಡು ಸಲ ಓದಿ. ‘ಬಿಡುಗಡೆಯ ನಂತರ’ ಎಂದಿದ್ದರೆ ಬಿಡುಗಡೆ ಆಗದ ಚಿತ್ರಕ್ಕೆ ನಿಮ್ಮ ಹಣವೂ ಇಲ್ಲ ಎಂದೇ ಅರ್ಥವಾಗಬಹುದು. ಅದರ ಬದಲು ದಿನಾಂಕ ಹಾಕಿಸಿ. ಅದಾಗದಿದ್ದರೆ ‘ಡಬ್ಬಿಂಗ್ ಆರಂಭಕ್ಕೆ ಮೊದಲು’ ಎಂದು ಬರೆಸಿ. ನಿಮ್ಮ ಧ್ವನಿ ಅವರಿಗೆ ಬೇಕಾಗಿರುವವರೆಗೆ ಮಾತ್ರ ನಿಮ್ಮ ಮಾತಿಗೆ ಬೆಲೆ.

ಕೊಡುವವರು ಯಾರು? ಪರದೆಯ ಮೇಲೆ ಒಂದು ಬ್ಯಾನರು, ಕರಾರಿನಲ್ಲಿ ಇನ್ನೊಂದು ಸಂಸ್ಥೆ, ಮುಂಗಡ ಬಂದದ್ದು ಮೂರನೆಯ ಖಾತೆಯಿಂದ. ಇದು ಅಪರೂಪವಲ್ಲ. ಒಂದೇ ಚಿತ್ರಕ್ಕೆಂದು ಹುಟ್ಟಿದ ಕಂಪನಿ ಚಿತ್ರ ಮುಗಿದೊಡನೆ ಮುಚ್ಚಿಹೋದರೆ ದೂರು ಯಾರ ಮೇಲೆ? ಸಂಘ ಇಲ್ಲಿ ಮುಂಚಿತವಾಗಿ ಒಂದು ಕೆಲಸ ಮಾಡಬಲ್ಲದು: ಅಮೆರಿಕದ ಈಕ್ವಿಟಿ ನಾಟಕ ನಿರ್ಮಾಪಕರಿಂದ ಭದ್ರತಾ ಠೇವಣಿ ಇಡಿಸಿಕೊಳ್ಳುತ್ತದೆ, ನಾಟಕ ನಡುವೆ ನಿಂತರೆ ನಟರ ಸಂಬಳ ಅದರಿಂದ ಹೋಗುತ್ತದೆ. ನಿಮ್ಮ ಸಂಘದಲ್ಲಿ ಇಂಥ ಏರ್ಪಾಡಿದೆಯೇ ಎಂದು ಕೇಳಿ. ಇದ್ದರೆ ಈ ನಿರ್ಮಾಪಕರು ಠೇವಣಿ ಇಟ್ಟಿದ್ದಾರೆಯೇ ಎಂದೂ ಕೇಳಿ.

ಎಷ್ಟು ಕಾಲ ಕಟ್ಟಿಹಾಕುತ್ತಾರೆ? ‘ಈ ಸರಣಿ ಮುಗಿಯುವವರೆಗೆ ಬೇರೆ ಕೆಲಸ ಒಪ್ಪುವಂತಿಲ್ಲ’ ಎಂಬ ಷರತ್ತಿಗೆ ಕೊನೆಯ ದಿನ ಬೇಕು. ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇದನ್ನೇ ಹಿಡಿದು ವಾರ್ನರ್ ಬ್ರದರ್ಸ್ ಸ್ಟುಡಿಯೊ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಪಾತ್ರ ನಿರಾಕರಿಸಿದಾಗಲೆಲ್ಲ ಅಮಾನತು ಮಾಡಿ, ಆ ದಿನಗಳನ್ನು ಏಳು ವರ್ಷದ ಕರಾರಿನ ಕೊನೆಗೆ ಸೇರಿಸುತ್ತ ಹೋಗುವುದು ಸ್ಟುಡಿಯೊದ ಪದ್ಧತಿಯಾಗಿತ್ತು. ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳು ವರ್ಷ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರಲ್ಲಿ ತೀರ್ಪಿತ್ತಿತು.

ರದ್ದಾದರೆ? ನಿಮ್ಮ ದಿನಗಳನ್ನು ಕಾದಿರಿಸಿ, ಹಿಂದಿನ ರಾತ್ರಿ ‘ನಾಳೆ ಶೂಟಿಂಗ್ ಇಲ್ಲ’ ಎಂದರೆ ಹಣ ಬರುತ್ತದೆಯೇ? ಕರಾರಿನಲ್ಲಿ ಬರೆಯದಿದ್ದರೆ ಬರುವುದಿಲ್ಲ ಎಂದುಕೊಳ್ಳಿ.

ಏಜೆಂಟರ ಪಾಲು ಎಷ್ಟು? ಅಮೆರಿಕದ ಸಂಘಗಳ ನಿಯಮದಲ್ಲಿ ಏಜೆಂಟರ ಕಮಿಷನ್ನಿಗೆ ಶೇ 10ರ ಮಿತಿ ಇದೆ. ಕೆಲಸ ಕೊಡಿಸುವ ಮೊದಲೇ ‘ನೋಂದಣಿ ಶುಲ್ಕ’, ‘ಪೋರ್ಟ್‌ಫೋಲಿಯೊ ಶುಲ್ಕ’ ಕೇಳುವವರ ಹೆಸರನ್ನು ಸಂಘಕ್ಕೆ ತಿಳಿಸಿ. ನೀವು ಮೊದಲ ದೂರುದಾರರಾಗಿರಲಾರಿರಿ.

ಮಗು ನಟಿಸುತ್ತಿದ್ದರೆ ಹಣ ಯಾರ ಖಾತೆಗೆ? ಬಾಲನಟನಾಗಿ ರಾಶಿ ದುಡಿದ ಜಾಕಿ ಕೂಗನ್ ದೊಡ್ಡವನಾಗಿ ನೋಡುವಾಗ ತಾಯಿ, ಮಲತಂದೆ ಸೇರಿ ಬಹುಪಾಲು ಖರ್ಚು ಮಾಡಿ ಮುಗಿಸಿದ್ದರು. ಅದರ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನ ಕಾನೂನು ಬಂತು. ಈಗ ಅಲ್ಲಿ ಮಗುವಿನ ಗಳಿಕೆಯ ಶೇ 15 ಭಾಗ ಕಡ್ಡಾಯವಾಗಿ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಅಂಥ ಕಾನೂನಿಲ್ಲದ ಕಡೆ ಕರಾರಿನಲ್ಲಿಯೇ ಇದನ್ನು ಬರೆಸಬಹುದು. ಮಗುವಿನ ಕೆಲಸದ ಗಂಟೆ, ಓದಿನ ಸಮಯ, ಜೊತೆಗಿರುವ ಹಿರಿಯರು ಯಾರು ಎಂಬುದನ್ನೂ ಸೇರಿಸಿ.

ಇಷ್ಟೆಲ್ಲ ಕೇಳಿದರೆ ಪಾತ್ರವೇ ಕೈತಪ್ಪೀತು ಎಂಬ ಅಂಜಿಕೆ ಸುಳ್ಳಲ್ಲ, ಹೊಸಬರಿಗಂತೂ. ಅದಕ್ಕೊಂದು ದಾರಿ ಇದೆ: ಕೆಟ್ಟವರಾಗುವ ಕೆಲಸವನ್ನು ಸಂಘಕ್ಕೆ ಬಿಡಿ. ‘ನನಗೇನೂ ಅಭ್ಯಂತರವಿಲ್ಲ ಸರ್, ಆದರೆ ನಮ್ಮ ಸಂಘದ ಕರಾರಿನಲ್ಲಿ ಹೀಗಿದೆ, ಅದನ್ನು ಮೀರಿದರೆ ನನ್ನ ಸದಸ್ಯತ್ವಕ್ಕೆ ತೊಂದರೆ’ ಎನ್ನಿ. ನಿಮ್ಮ ಮುಖವೂ ಉಳಿಯುತ್ತದೆ, ಮಾತೂ ನಡೆಯುತ್ತದೆ. ಕರಾರಿನ ಕೊನೆಯಲ್ಲಿ ಒಂದು ಸಾಲು ಸೇರಿಸಲು ಕೋರಿ: ‘ಈ ಕರಾರಿಗೂ ಸಂಘದ ಒಪ್ಪಂದಕ್ಕೂ ವ್ಯತ್ಯಾಸ ಬಂದಲ್ಲಿ ಕಲಾವಿದರಿಗೆ ಹೆಚ್ಚು ಅನುಕೂಲವಾದುದು ಅನ್ವಯಿಸುತ್ತದೆ.’ ಕರಾರು ಓದಿದವರು ಕಾಣದೇ ಬಿಟ್ಟ ಎಷ್ಟೋ ಕೊರತೆಗಳನ್ನು ಈ ಒಂದು ಸಾಲು ತುಂಬುತ್ತದೆ.

4. ಮುಖ, ಧ್ವನಿ, ಡಿಜಿಟಲ್ ಪ್ರತಿರೂಪ

‘ಈಗ ಇರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ’ ಎಂಬ ಸಾಲು ಕರಾರುಗಳಲ್ಲಿ ಹಳೆಯದು. ಮಂಗಳ ಗ್ರಹದಲ್ಲಿ ಚಿತ್ರಮಂದಿರ ತೆರೆದಾಗ ಉಪಯೋಗಕ್ಕೆ ಬಂದೀತು ಎಂದು ನಗಬಹುದಿತ್ತು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಆ ನಗು ನಿಂತಿದೆ. ಅರ್ಧ ಗಂಟೆಯ ಸ್ಕ್ಯಾನ್, ಒಂದಿಷ್ಟು ಧ್ವನಿಮುದ್ರಣ ಇದ್ದರೆ ನೀವಿಲ್ಲದೆಯೇ ನಿಮ್ಮಿಂದ ನಟನೆ ಮಾಡಿಸಬಹುದು.

ಸ್ಯಾಗ್-ಆಫ್ಟ್ರಾ 2023ರ ಜುಲೈ 14ರಿಂದ 118 ದಿನ ಮುಷ್ಕರ ನಡೆಸಿದ್ದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಕೊನೆಗೆ ಬಂದ ಒಪ್ಪಂದದ ತಿರುಳನ್ನು ಯಾವ ದೇಶದ ನಟರೂ ತಮ್ಮ ಕರಾರಿಗೆ ಎತ್ತಿಕೊಳ್ಳಬಹುದು: ಪ್ರತಿರೂಪ ಮಾಡಲು ಪ್ರತ್ಯೇಕ ಒಪ್ಪಿಗೆ, ಅದನ್ನು ಯಾವ ದೃಶ್ಯಕ್ಕೆ ಬಳಸುತ್ತಾರೆ ಎಂಬ ಸ್ಪಷ್ಟ ವಿವರಣೆ, ನೀವೇ ಬಂದು ನಟಿಸಿದ್ದರೆ ಸಿಗುತ್ತಿದ್ದ ದಿನಗಳ ಲೆಕ್ಕದಲ್ಲಿ ಸಂಭಾವನೆ. ಆ ಒಪ್ಪಂದದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕೊಟ್ಟ ಒಪ್ಪಿಗೆ, ಬೇರೆ ರೀತಿ ಬರೆಯದಿದ್ದರೆ, ನಟರ ಮರಣಾನಂತರವೂ ಮುಂದುವರಿಯುತ್ತದೆ. ಮನೆಯವರಿಗೆ ಆ ತೀರ್ಮಾನ ಬಿಡಬೇಕೆಂದಿದ್ದರೆ ಇಂದೇ ಬರೆಸಿ.

ಸೆಟ್ಟಿನಲ್ಲಿ ಯಾರಾದರೂ ಏಕಾಏಕಿ ‘ಬನ್ನಿ, ಐದು ನಿಮಿಷ ಸ್ಕ್ಯಾನ್ ಮಾಡಿಕೊಳ್ಳೋಣ’ ಎಂದರೆ ಹೀಗೆ ಕೇಳಿ: ಯಾವುದಕ್ಕೆ, ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ? ಬರಹದಲ್ಲಿ ಉತ್ತರ ಬರುವವರೆಗೆ ‘ಸಂಘವನ್ನು ಕೇಳಿ ಹೇಳುತ್ತೇನೆ’ ಎನ್ನಿ. ಸಹ ಕಲಾವಿದರೇ, ಇದು ನಾಯಕರಿಗಿಂತ ಮೊದಲು ನಿಮಗೆ ಬೇಕು. ಜನಜಂಗುಳಿಯ ದೃಶ್ಯಕ್ಕೆ ಪ್ರತಿರೂಪ ಬಳಸುವುದು ಸುಲಭ; ಒಂದು ದಿನದ ಕೂಲಿಗೆ ಕೊಟ್ಟ ಮುಖವನ್ನು ವರ್ಷಗಟ್ಟಲೆ ದುಡಿಸಿಕೊಳ್ಳಬಹುದು.

5. ಸೆಟ್ಟಿನಲ್ಲಿರುವಾಗ

ರಂಗಭೂಮಿಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಈಕ್ವಿಟಿಯ ನಾಟಕಗಳಲ್ಲಿ ತಾಲೀಮಿನ ಮೊದಲ ದಿನವೇ ತಂಡದ ನಟರು ತಮ್ಮೊಳಗಿನಿಂದ ಒಬ್ಬ ಪ್ರತಿನಿಧಿಯನ್ನು ಆರಿಸುತ್ತಾರೆ. ಬಿಸಿಲಿನಲ್ಲಿ ನೀರಿಲ್ಲ, ವೇದಿಕೆಯ ಹಲಗೆ ಸಡಿಲ, ಊಟದ ಬಿಡುವು ಕೊಟ್ಟಿಲ್ಲ, ಇಂಥ ಮಾತನ್ನು ಅವರು ತಂಡದ ಪರವಾಗಿ ಎತ್ತುತ್ತಾರೆ. ಯಾರು ದೂರಿದರು ಎಂದು ಹೆಸರು ಹೇಳಬೇಕಾಗಿಲ್ಲ. ನಿಮ್ಮ ಸೆಟ್ಟಿನಲ್ಲಿ ಇದಿಲ್ಲದಿದ್ದರೆ ನೀವೇ ನಾಲ್ಕು ಜನ ಸೇರಿ ಒಬ್ಬರನ್ನು ಗೊತ್ತು ಮಾಡಿಕೊಂಡು ಹೆಸರನ್ನು ಸಂಘಕ್ಕೆ ಕಳಿಸಿ. ಜನಪ್ರಿಯರನ್ನು ಆರಿಸಬೇಡಿ, ನಿರ್ಮಾಪಕರ ಎದುರು ನಿಂತು ದನಿ ಏರಿಸದೆ ಮಾತನಾಡಬಲ್ಲವರನ್ನು ಆರಿಸಿ.

ವಿಶ್ರಾಂತಿಯ ನಿಯಮಕ್ಕೆ ದಂಡದ ಬಲ ಇದ್ದರೆ ಮಾತ್ರ ಅದು ನಡೆಯುತ್ತದೆ. ಸ್ಯಾಗ್-ಆಫ್ಟ್ರಾದ ಸಿನಿಮಾ ಕರಾರಿನಲ್ಲಿ ಆರು ಗಂಟೆಯೊಳಗೆ ಊಟ, ಸಾಮಾನ್ಯವಾಗಿ ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 12 ಗಂಟೆ ಬಿಡುವು. ತಪ್ಪಿದರೆ ನಟರಿಗೆ ಹೆಚ್ಚುವರಿ ಹಣ. ಹೀಗಾಗಿ ಊಟದ ಹೊತ್ತನ್ನು ನೆನಪಿಟ್ಟುಕೊಳ್ಳುವ ಕೆಲಸ ನಿರ್ಮಾಣ ವಿಭಾಗದ್ದೇ ಆಗುತ್ತದೆ. ನಿಮ್ಮ ಒಪ್ಪಂದದಲ್ಲಿ ದಂಡವಿದ್ದರೆ, ಅದಕ್ಕೆ ಆಧಾರ ನೀವು ದಿನವೂ ಬರೆದಿಟ್ಟ ಆ ಎರಡು ಸಾಲು.

ಪ್ರಾಣಕ್ಕೆ ಅಪಾಯವಿರುವ ಸಾಹಸ ದೃಶ್ಯಕ್ಕೆ ಮೊದಲೇ ಸಂಘಕ್ಕೆ ಫೋನ್ ಮಾಡಿ. ತರಬೇತಾದ ಸಾಹಸ ಕಲಾವಿದರಿಲ್ಲ, ಆಂಬುಲೆನ್ಸ್ ಇಲ್ಲ, ಅಭ್ಯಾಸವಾಗಿಲ್ಲ ಎಂದಾದರೆ ‘ನಾನು ಮಾಡುವುದಿಲ್ಲ’ ಎನ್ನುವ ಬದಲು ‘ಈ ವ್ಯವಸ್ಥೆ ಆದೊಡನೆ ಮಾಡುತ್ತೇನೆ’ ಎನ್ನಿ. ಮೊದಲ ಮಾತನ್ನು ಕರಾರು ಮುರಿದದ್ದು ಎಂದು ತಿರುಚಬಹುದು. ಎರಡನೆಯದನ್ನು ತಿರುಚುವುದು ಕಷ್ಟ.

6. ಸಂಭಾವನೆ ಬಾಕಿ ಉಳಿದಾಗ

ಕೊಡಬೇಕಾದ ದಿನ ದಾಟಿದ ಮರುದಿನವೇ ಬರೆಯಿರಿ. ‘ಪಾಪ, ಅವರಿಗೂ ಕಷ್ಟ ಇರಬಹುದು’ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದು ದೊಡ್ಡತನದಂತೆ ಕಾಣುತ್ತದೆ. ಅಷ್ಟರಲ್ಲಿ ಚಿತ್ರ ಮಾರಾಟವಾಗಿ, ಲೆಕ್ಕಪತ್ರದವರು ಬದಲಾಗಿ, ಹಕ್ಕು ಸಾಧಿಸುವ ಕಾಲಮಿತಿಯೂ ಓಡುತ್ತಿರುತ್ತದೆ. ಪತ್ರ ಹೀಗಿರಲಿ:

‘ಮಾನ್ಯರೇ, ಇಂಥ ದಿನಾಂಕದ ಕರಾರಿನ ಇಂಥ ಷರತ್ತಿನಂತೆ ನನಗೆ ಒಟ್ಟು ಇಷ್ಟು ಸಲ್ಲಬೇಕಿತ್ತು. ಇಷ್ಟು ಬಂದಿದೆ, ಇಷ್ಟು ಬಾಕಿ ಇದೆ. ನಾನು ಕೆಲಸ ಮಾಡಿದ ದಿನಗಳ ಪಟ್ಟಿ ಇದರೊಂದಿಗಿದೆ. ಏಳು ದಿನಗಳೊಳಗೆ ಪಾವತಿಸಬೇಕಾಗಿ ಕೋರುತ್ತೇನೆ. ಪ್ರತಿಯನ್ನು ನನ್ನ ಸಂಘಕ್ಕೆ ಕಳಿಸಿದ್ದೇನೆ.’

ಸಿಟ್ಟು, ಕಣ್ಣೀರು, ಸಾಲದ ಕಥೆ ಯಾವುದೂ ಬೇಡ. ಕೊನೆಯ ವಾಕ್ಯ ಮಾತ್ರ ಬಿಡಬೇಡಿ. ಬೇರೆ ವಾಕ್ಯಗಳಿಗಿಂತ ಕೆಲಸ ಮಾಡುವುದು ಅದೇ.

ಏಳು ದಿನದಲ್ಲಿ ಹಣ ಬಾರದಿದ್ದರೆ ಕಡತದೊಂದಿಗೆ ಸಂಘಕ್ಕೆ ದೂರು ಕೊಡಿ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿದಿದ್ದರೆ ದಿನಕ್ಕೆ ಮೂರು ಸಲ ಫೋನ್ ಮಾಡಿ ಕಚೇರಿಯವರನ್ನು ಕಾಡುವುದು ತಪ್ಪುತ್ತದೆ. ಮೊದಲು ನಿರ್ಮಾಪಕರು ಒಪ್ಪಂದಕ್ಕೆ ಸಹಿ ಹಾಕಿದವರೇ ಎಂದು ನೋಡುತ್ತಾರೆ. ಹಾಕಿದ್ದರೆ ಸಂಘದ ಪತ್ರ ಹೋಗುತ್ತದೆ, ಠೇವಣಿಯಿದ್ದರೆ ಅದರಿಂದ ವಸೂಲಿಗೆ ಕೇಳುತ್ತಾರೆ, ಒಪ್ಪಂದದಲ್ಲಿ ಹೇಳಿದ ಪಂಚಾಯ್ತಿಗೆ, ಅಂದರೆ ಮಧ್ಯಸ್ಥರ ತೀರ್ಮಾನಕ್ಕೆ, ಒಯ್ಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅಮೆರಿಕದ ಸಂಘಗಳು ಮಾಡುವಂತೆ, ‘ಇವರಲ್ಲಿ ಕೆಲಸ ಮಾಡಬೇಡಿ’ ಎಂಬ ಪಟ್ಟಿಗೆ ಆ ನಿರ್ಮಾಣವನ್ನು ಸೇರಿಸುತ್ತಾರೆ. ಮುಂದಿನ ಚಿತ್ರಕ್ಕೆ ನಟರು ಬೇಕಾದವರಿಗೆ ನ್ಯಾಯಾಲಯದ ನೋಟಿಸಿಗಿಂತ ಇದರ ಬಿಸಿ ಹೆಚ್ಚು. ಸಹಿ ಹಾಕದವರಾದರೆ ಸಂಘದಿಂದ ವಕೀಲರ ಸಲಹೆ ಸಿಕ್ಕೀತು, ವಸೂಲಿಯ ಭರವಸೆ ಸಿಗಲಾರದು.

ಈ ನಡುವೆ ಕೈಸುಡುವ ಸಂಗತಿಗಳು ಮೂರು. ಒಂದು, ಅರ್ಧ ಹಣ ಕೊಟ್ಟು ಅವರು ನೀಡುವ ರಸೀದಿಯಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂಬ ಪದಗಳಿದ್ದರೆ ಸಹಿ ಹಾಕಬೇಡಿ. ‘ಬಾಕಿಯಲ್ಲಿ ಭಾಗಶಃ ಪಾವತಿ’ ಎಂದು ಬರೆದು ಸಹಿ ಮಾಡಿ. ಎರಡು, ಸಾಮಾಜಿಕ ಜಾಲತಾಣದಲ್ಲಿ ನಿರ್ಮಾಪಕರನ್ನು ಬೈದು ಬರೆಯಬೇಡಿ. ಬಾಕಿ ಕೇಳುತ್ತಿದ್ದವರು ಮಾನನಷ್ಟದ ನೋಟಿಸಿಗೆ ಉತ್ತರ ಕೊಡುವ ಸ್ಥಿತಿಗೆ ಬರುವುದು ಬೇಡ. ಮೂರು, ಕೆಲಸ ಇನ್ನೂ ನಡೆಯುತ್ತಿದ್ದರೆ ಸಂಘವನ್ನು ಕೇಳದೆ ಒಬ್ಬರೇ ಸೆಟ್ಟಿಗೆ ಗೈರಾಗಬೇಡಿ. ಕರಾರು ಮುರಿದವರು ನೀವೇ ಎನಿಸಿಕೊಳ್ಳುತ್ತೀರಿ.

ನಿಮ್ಮೊಬ್ಬರದೇ ಬಾಕಿ ಇರುವುದು ಅಪರೂಪ. ಅದೇ ಚಿತ್ರದಲ್ಲಿದ್ದ ಉಳಿದವರಿಗೆ ಫೋನ್ ಮಾಡಿ. ಹತ್ತು ಜನರ ಒಂದೇ ದೂರಿಗೆ ಇರುವ ತೂಕ ಹತ್ತು ಬೇರೆ ಬೇರೆ ದೂರುಗಳಿಗೆ ಇರುವುದಿಲ್ಲ.

7. ಕಿರುಕುಳದ ದೂರು

ಇಲ್ಲಿ ಮೊದಲ ಮಾತು: ಸಂಘಕ್ಕೆ ಹೇಳುವುದು ಬೇರೆ, ಅಧಿಕೃತ ದೂರು ಕೊಡುವುದು ಬೇರೆ. ಬರೀ ಹೇಳಿಕೊಂಡು ಸಲಹೆ ಪಡೆಯಬಹುದು. ಫೋನ್ ಮಾಡಿದೊಡನೆ ‘ನಾನು ಹೇಳುವುದು ಗುಟ್ಟಾಗಿ ಉಳಿಯುತ್ತದೆಯೇ? ಯಾವ ಹಂತದಲ್ಲಿ ನನ್ನ ಹೆಸರು ಹೊರಬರುತ್ತದೆ?’ ಎಂದು ಕೇಳಿ. ನೇರ ಉತ್ತರ ಕೊಡದ ಸಂಘದ ಮುಂದೆ ಅವಸರ ಮಾಡಿ ಎಲ್ಲ ಹೇಳಬೇಕಾಗಿಲ್ಲ.

ಸಂದೇಶಗಳನ್ನು ಅಳಿಸಬೇಡಿ. ಏನಾಯಿತೆಂದು ಅದೇ ದಿನ ಬರೆದಿಟ್ಟುಕೊಳ್ಳಿ. ಯಾರಿಗಾದರೂ ಹೇಳಿಕೊಂಡಿದ್ದರೆ ಅವರ ಹೆಸರು, ದಿನಾಂಕ ಗುರುತಿಸಿಡಿ. ಕಿರುಕುಳ ಕೊಟ್ಟವರೂ ಸದಸ್ಯರೇ ಆಗಿದ್ದರೆ ಸಂಘಕ್ಕೆ ಇಬ್ಬಂದಿಯಾಗುತ್ತದೆ. ನಿಮ್ಮ ಪರ ನಿಲ್ಲುವ ಅಧಿಕಾರಿಯೇ ಅವರನ್ನೂ ನೋಡಿಕೊಳ್ಳದಂತೆ ಬೇರೆಯವರನ್ನು ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅಪರಾಧ ನಡೆದಿದ್ದರೆ ಪೊಲೀಸರ ಬಳಿ ಹೋಗುವ ದಾರಿ ಯಾವಾಗಲೂ ತೆರೆದಿದೆ, ಸಂಘದ ವಿಚಾರಣೆ ಅದರ ಬದಲಿಯಲ್ಲ.

ಆಡಿಷನ್ನಿಗೆ ಹೋದಾಗ ನಡೆದದ್ದು ‘ಕೆಲಸದ ಸ್ಥಳದಲ್ಲಿ’ ನಡೆದದ್ದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ, ಕೆಲಸದಲ್ಲಿನ ಹಿಂಸೆ ಮತ್ತು ಕಿರುಕುಳ ಕುರಿತ 190ನೇ ಒಡಂಬಡಿಕೆ ಕೆಲಸ ಹುಡುಕುವವರನ್ನೂ ಅರ್ಜಿ ಹಾಕಿದವರನ್ನೂ ಒಳಗೊಳ್ಳುತ್ತದೆ. ನಿಮ್ಮ ದೇಶ ಅದನ್ನು ಅನುಮೋದಿಸಿದೆಯೇ ಎಂದು ಸಂಘದಲ್ಲಿ ವಿಚಾರಿಸಿ. ಹೋಟೆಲ್ ಕೋಣೆ, ಮನೆಗಳಲ್ಲಿ ಆಡಿಷನ್ ನಡೆಸಬಾರದು ಎಂದು ಸ್ಯಾಗ್-ಆಫ್ಟ್ರಾ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬೇರೆ ದಾರಿಯೇ ಇಲ್ಲದಿದ್ದರೆ ಜೊತೆಗೊಬ್ಬರನ್ನು ಕರೆದೊಯ್ಯಿರಿ ಎನ್ನುತ್ತದೆ ಅದು. ಆಪ್ತ ದೃಶ್ಯಗಳಿಗೆ ಏನು ತೋರಿಸಲಾಗುತ್ತದೆ, ಸೆಟ್ಟಿನಲ್ಲಿ ಯಾರಿರುತ್ತಾರೆ, ತುಣುಕನ್ನು ಪ್ರಚಾರಕ್ಕೆ ಬಳಸುತ್ತಾರೆಯೇ ಎಂಬ ಲಿಖಿತ ಒಪ್ಪಿಗೆ ಚಿತ್ರೀಕರಣಕ್ಕೆ ಮೊದಲೇ ಆಗಬೇಕು. ಬಟ್ಟೆ ಬದಲಿಸಿ ನಿಂತ ಮೇಲೆ ನಡೆಯುವ ಚರ್ಚೆ ಚರ್ಚೆಯಲ್ಲ, ಒತ್ತಡ.

8. ಮರುಪ್ರಸಾರದ ಹಣ, ಕಷ್ಟಕಾಲದ ನಿಧಿ

ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸುವ ಚಿತ್ರಗಳಿಗೆ ನಟರಿಗೂ ಪಾಲು ಬೇಕೆಂದು ಹಾಲಿವುಡ್ ನಟರು 1960ರಲ್ಲಿ ಮುಷ್ಕರ ಹೂಡಿದರು. ಪಾಲು ಸಿಕ್ಕಿತು, ಪಿಂಚಣಿ ಮತ್ತು ಆರೋಗ್ಯ ಯೋಜನೆಗೆ ಅಡಿಪಾಯ ಬಿತ್ತು. ಆದರೆ ಅದಕ್ಕೂ ಹಿಂದಿನ ಚಿತ್ರಗಳ ನಟರಿಗೆ ಆ ಪಾಲು ಬರಲಿಲ್ಲ. ನಿಮ್ಮ ದೇಶದಲ್ಲಿ ಇಂಥ ಹಕ್ಕು ಕಾನೂನಿನಿಂದ ಬರುತ್ತದೆಯೋ ಸಂಘದ ಒಪ್ಪಂದದಿಂದಲೋ ವಿಚಾರಿಸಿ. ಎರಡರಲ್ಲಿ ಯಾವುದಾದರೂ, ವಿಳಾಸ ಮತ್ತು ಬ್ಯಾಂಕ್ ಖಾತೆ ಬದಲಾದಾಗ ತಿಳಿಸದಿದ್ದರೆ ಹಣ ‘ಪತ್ತೆಯಾಗದವರ’ ಪಟ್ಟಿಯಲ್ಲಿ ಕೂರುತ್ತದೆ. ನಾಮಿನಿಯ ಹೆಸರನ್ನೂ ತುಂಬಿ.

ಕಾಯಿಲೆ, ಅಪಘಾತ, ಕೆಲಸವಿಲ್ಲದ ತಿಂಗಳುಗಳಿಗೆ ಕ್ಷೇಮನಿಧಿ ಇರುತ್ತದೆ. ಅಮೆರಿಕದ ಎಂಟರ್‌ಟೇನ್ಮೆಂಟ್ ಕಮ್ಯುನಿಟಿ ಫಂಡ್ 1882ರಿಂದ ಈ ಕೆಲಸ ಮಾಡುತ್ತಿದೆ, ಸಂಘಗಳಿಗಿಂತ ಹಳೆಯದು. ಅರ್ಜಿಗೆ ಬೇಕಾದದ್ದು ಆಸ್ಪತ್ರೆಯ ಬಿಲ್, ಆದಾಯದ ವಿವರ, ಹಳೆಯ ಕೆಲಸಗಳ ದಾಖಲೆ. ನಾಚಿಕೆಪಟ್ಟು ತಡ ಮಾಡುವವರೇ ಹೆಚ್ಚು. ಅದು ನೀವು ಮತ್ತು ನಿಮ್ಮಂಥವರು ಕೂಡಿಟ್ಟ ಹಣ.

9. ಮುಷ್ಕರದ ಕರೆ ಬಂದಾಗ

ಮುಷ್ಕರ ಎಂದರೆ ಕ್ಯಾಮೆರಾ ಮುಂದೆ ನಿಲ್ಲದಿರುವುದಷ್ಟೇ ಎಂದುಕೊಂಡವರು ಹಲವರು. 2023ರಲ್ಲಿ ಸ್ಯಾಗ್-ಆಫ್ಟ್ರಾ ಸದಸ್ಯರು ಮುಷ್ಕರಕ್ಕೊಳಪಟ್ಟ ಚಿತ್ರಗಳ ಪ್ರಚಾರವನ್ನೂ ಮಾಡುವಂತಿರಲಿಲ್ಲ. ಸಂದರ್ಶನ, ಪ್ರೀಮಿಯರ್ ಎಲ್ಲ ಬಂದ್. ಅದೇ ವೇಳೆ ಸಂಘದ ಷರತ್ತುಗಳನ್ನು ಒಪ್ಪಿದ ಸ್ವತಂತ್ರ ನಿರ್ಮಾಪಕರ ಚಿತ್ರಗಳಿಗೆ ಮಧ್ಯಂತರ ಒಪ್ಪಂದದಡಿ ಕೆಲಸ ಮಾಡಲು ಅವಕಾಶವಿತ್ತು. ಬ್ರಿಟನ್ನಿನ ಈಕ್ವಿಟಿ ಸದಸ್ಯರು ಸಹಾನುಭೂತಿಗಾಗಿ ಕೆಲಸ ನಿಲ್ಲಿಸುವಂತಿರಲಿಲ್ಲ, ಅಲ್ಲಿನ ಕಾನೂನು ಅದಕ್ಕೆ ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬದೆ ಕಚೇರಿಯ ಲಿಖಿತ ಸೂಚನೆ ಪಡೆಯಿರಿ: ಯಾವ ಕೆಲಸ ನಿಂತಿದೆ, ಯಾವುದು ನಿಂತಿಲ್ಲ, ಡಬ್ಬಿಂಗ್ ಮಾಡಬಹುದೇ, ಮುಂಗಡ ಪಡೆದದ್ದರ ಗತಿ ಏನು? ಮುಷ್ಕರದ ಮತದಾನ ನಡೆಯುವಾಗಲೇ ಎರಡು ಮೂರು ತಿಂಗಳ ಖರ್ಚಿನ ಲೆಕ್ಕ ಹಾಕಿಟ್ಟುಕೊಳ್ಳಿ, ಪರಿಹಾರ ನಿಧಿಯ ಅರ್ಜಿ ನಮೂನೆ ತಂದಿಟ್ಟುಕೊಳ್ಳಿ.

10. ಸಂಘವೇ ಕೈಕೊಟ್ಟರೆ

ಅದೂ ಆಗುತ್ತದೆ. ಪದಾಧಿಕಾರಿಗಳೇ ನಿರ್ಮಾಪಕರೂ ಆಗಿರುವ ಕಡೆ, ಎರಡು ಪೀಳಿಗೆಯಿಂದ ಚುನಾವಣೆಯೇ ಗಂಭೀರವಾಗಿ ನಡೆಯದ ಕಡೆ, ಸಣ್ಣ ಪಾತ್ರಧಾರಿಯ ದೂರು ಕಪಾಟಿನಲ್ಲೇ ಉಳಿಯುತ್ತದೆ. ಮೊದಲು ದೂರಿನ ಸ್ಥಿತಿಯನ್ನು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ಉಪನಿಯಮಗಳ ಪ್ರತಿ ತರಿಸಿಕೊಂಡು ಮೇಲ್ಮನವಿಯ ಷರತ್ತು ಹುಡುಕಿ. ನೋಂದಾಯಿತ ಸಂಘಗಳಲ್ಲಿ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ. ಸಂಘಗಳ ನೋಂದಣಾಧಿಕಾರಿಯ ಬಳಿ ಹೋಗುವುದು ಆಮೇಲಿನ ಮಾತು.

ನಿಯಮವೇ ಬದಲಾಗಬೇಕಾದರೆ ದಾರಿ ವಾರ್ಷಿಕ ಮಹಾಸಭೆ. ನಿರ್ಣಯವನ್ನು ಸಭೆಗೆ ಎಷ್ಟು ದಿನ ಮೊದಲು ಕೊಡಬೇಕು, ಎಷ್ಟು ಅನುಮೋದಕರ ಸಹಿ ಬೇಕು ಎಂಬುದು ಉಪನಿಯಮದಲ್ಲಿರುತ್ತದೆ. ಆ ಗಡುವು ತಪ್ಪಿದರೆ ಸಭೆಯಲ್ಲಿ ಎಷ್ಟು ಕೂಗಿದರೂ ಅದು ನಡಾವಳಿಗೆ ಬರುವುದಿಲ್ಲ. ನಿರ್ಣಯ ಒಂದೇ ವಿಷಯದ್ದಾಗಿರಲಿ, ನಾಲ್ಕು ಸಾಲಿಗೆ ಮೀರದಿರಲಿ, ಯಾರು ಯಾವ ದಿನಾಂಕದೊಳಗೆ ಏನು ಮಾಡಬೇಕು ಎಂಬುದು ಅದರಲ್ಲಿರಲಿ. ಚಂದಾ ಬಾಕಿ ಇರುವವರ ಸ್ಥಾನಮಾನ ಏನೆಂದು ಮೊದಲೇ ನೋಡಿಕೊಳ್ಳಿ. ಬಾಕಿದಾರರಿಗೆ ಮತದ ಹಕ್ಕು ಕೊಡದ ಸಂಘಗಳಿವೆ. ಅನುಮೋದಕರ ಸಹಿ ಪಡೆಯುವ ಮೊದಲು ಅವರ ಚಂದಾ ರಸೀದಿಯನ್ನು ಕೇಳಿ ನೋಡಿ.